ಕ್ಯಾಮೆರಾಕ್ಕೆ ಮಗ್ಗದ ಎಣ್ಣೆ

ಮನೆಯಲ್ಲಿ ಕ್ಯಾಮೆರಾ ಇಟ್ಟುಕೊಂಡ ಗಂಡಸು ಸತ್ತರೆ ಗೋಡೆಗೆ ಹಾಕಲು ಅವನದೊಂದು ಫೋಟೋ ಸಿಗುವುದಿಲ್ಲ. ಎಲ್ಲರ ಫೋಟೋ ತೆಗೆಯುವವನ ಫೋಟೋ ತೆಗೆಯುವವರಾದರೂ ಯಾರು? ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನಲ್ಲಿ ನನ್ನ ಬಳಿ ದೊಡ್ಡಪ್ಪ ಬಿಟ್ಟುಹೋದ ಹಳೆಯ ಜರ್ಮನ್ ಕ್ಯಾಮೆರಾ ಇತ್ತು. ಹಾರ್ಮೋನಿಯಂ ಹಾಗೆ ಎಳೆದರೆ ಮೂಗು ಮುಂದಕ್ಕೆ ಬರುವಂಥದ್ದು. ಮದುವೆಯ ದಿನ ಬಾಸಿಂಗದ ಮರೆಯಲ್ಲಿದ್ದ ನಾನು, ಆಮೇಲೆ ಆ ಕ್ಯಾಮೆರಾದ ಮರೆಗೆ ಹೋದೆ. ಮಗುವಿನ ನಾಮಕರಣ, ಹಬ್ಬ, ಹೊಸ ಸೈಕಲ್ಲು ಎಲ್ಲವನ್ನೂ ತೆಗೆದೆ. ಆಲ್ಬಮ್ಮಿನಲ್ಲಿ ಸೈಕಲ್ಲಿತ್ತು, ನಾನಿರಲಿಲ್ಲ.

ಮಾವನವರ ಜೊತೆ ಜಡಿಗೇನಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಒಂದು ದಿನ ಮಗಳನ್ನು ಅಡುಗೆಮನೆಗೆ ಕರೆದು, "ಆಲ್ಬಮ್ ನೋಡ್ದೋರೆಲ್ಲ, ಗಂಡ ಎಲ್ಲವ್ನೆ, ಬಿಟ್ಟೋದ್ನಾ ಅಂತ ಕೇಳ್ತಾರೆ ಕಣೇ. ನಾನೇನ್ ಹೇಳ್ಲಿ?" ಎಂದು ಕಣ್ಣೊರೆಸಿಕೊಂಡರು. ನಾನು ಪಕ್ಕದ ಕೋಣೆಯಲ್ಲೇ ಕೂತು ಅವರು ತಂದ ಚಕ್ಕುಲಿ ತಿನ್ನುತ್ತಿದ್ದೆ. ನಿಜವಾಗಿಯೂ ಅವಮಾನವಾಯಿತು.

ಕ್ಯಾಮೆರಾದ ಮೂಗಿನ ಪಕ್ಕ ಒಂದು ಪುಟ್ಟ ಸ್ವಿಚ್ಚಿತ್ತು. ಅದನ್ನು ತಿರುಗಿಸಿ ಓಡಿಹೋಗಿ ಎಲ್ಲರ ಜೊತೆ ಕೂತರೆ, ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಅದು ತಾನೇ ಕ್ಲಿಕ್ಕಾಗಬೇಕು. ದೊಡ್ಡಪ್ಪನ ಕಾಲಕ್ಕೇ ಅದು ಕಚ್ಚಿಕೊಂಡಿತ್ತು. ಬುದ್ಧಿಯಿದ್ದವನು ಬೆಂಗಳೂರಿಗೆ ಒಯ್ಯುತ್ತಿದ್ದ. ನಾನು ಮಗ್ಗಗಳ ಊರಾದ ದೊಡ್ಡಬಳ್ಳಾಪುರದವನು. ನಮ್ಮೂರಿನಲ್ಲಿ ನಿಂತುಹೋದದ್ದಕ್ಕೆಲ್ಲ ಮಗ್ಗದ ಎಣ್ಣೆಯೇ ಮದ್ದು. ಗಡಿಯಾರಕ್ಕೆ, ಬಾಗಿಲಿಗೆ, ಹೊಲಿಗೆ ಯಂತ್ರಕ್ಕೆ ಬಿಡುತ್ತೇವೆ. ನಮ್ಮ ತಾತನ ಮೊಣಕಾಲಿಗೂ ಹಚ್ಚಿದ್ದೆವು; ಅವರು ಎದ್ದು ನಡೆದರು, ಹಚ್ಚಿದವರನ್ನು ಅಟ್ಟಿಸಿಕೊಂಡು.

ಪಕ್ಕದ ಮನೆಯ ನಂಜುಂಡಪ್ಪನಿಗೆ ಮಗ್ಗಗಳಿದ್ದವು. ಎಣ್ಣೆ ಕೇಳಿದರೆ ಡಬ್ಬಿಯೊಂದಿಗೆ ತಾನೇ ಬಂದ. ಒಂದು ತೊಟ್ಟು ಬಿಟ್ಟ. ಒಳಗಿನ ರೋಲಿಗೆ ಬೆಳಕು ಬೀಳದಂತೆ ಕ್ಯಾಮೆರಾದ ಮೂಗಿಗೆ ಕೈ ಅಡ್ಡ ಹಿಡಿದು ಸ್ವಿಚ್ಚು ತಿರುಗಿಸಿದೆ. ಗುಂಯ್ ಎಂದಿತು, ಕ್ಲಿಕ್ ಎಂದಿತು! ಅಷ್ಟಕ್ಕೆ ಬಿಡಬಾರದೇ? "ಜರ್ಮನಿದು ಗುರು, ಅದ್ಕೆ ಒಂದ್ ತೊಟ್ಟು ಎಲ್ಲಿಗೆ ಸಾಲ್ತದೆ?" ಎಂದು ಇನ್ನಷ್ಟು ಸುರಿದ. ನಾನೂ ಹಿಗ್ಗಿನಲ್ಲಿ ತಡೆಯಲಿಲ್ಲ.

ಭಾನುವಾರ ಅಂಗಳದಲ್ಲಿ ಅತ್ತೆ, ಮಾವ, ನಿದ್ದೆಹೋದ ಮಗುವಿನೊಂದಿಗೆ ನನ್ನಾಕೆ ಕೂತರು. ಆಕೆಯ ಪಕ್ಕ ನನಗೊಂದು ಕುರ್ಚಿ. ರೋಲಿನಲ್ಲಿ ಉಳಿದಿದ್ದುದು ಒಂದೇ ಫೋಟೋ, ಹೊಸ ರೋಲು ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಸ್ವಿಚ್ಚು ತಿರುಗಿಸಿ, "ಯಾರೂ ಅಲ್ಲಾಡ್ಬೇಡಿ" ಎಂದು ಓಡಿಬಂದು ಕೂತೆ. ಅದು ಗುಂಯ್ ಎಂದಿತು. ಎನ್ನುತ್ತಲೇ ಇತ್ತು. ಎಣ್ಣೆ ಕುಡಿದು ಅದಕ್ಕೆ ಯಾವ ಅವಸರವೂ ಇಲ್ಲದಂತಾಗಿತ್ತು.

"ಅಳಿಯಂದ್ರೇ, ಉಸ್ರು ಬಿಡ್ಬೋದಾ?" ಎಂದು ಮಾವನವರು ತುಟಿ ಅಲ್ಲಾಡಿಸದೆ ಕೇಳಿದರು.

"ಸ್ವಲ್ಪ ಸ್ವಲ್ಪವಾಗಿ ಬಿಡಿ ಮಾವ, ಈಗ ಆಗ್ಬಿಡತ್ತೆ."

ಒಳಗೆ ಹಾಲು ಉಕ್ಕಿ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ. ಬೀದಿಯ ಮೇಕೆಯೊಂದು ಬಂದು ಅತ್ತೆಯವರ ಸೆರಗು ಜಗಿಯತೊಡಗಿತು. ಅವರು ನಗುತ್ತಲೇ ಕೂತಿದ್ದರು. ಅವರಿಗೆ ನನ್ನ ಮೇಲೆ ಎಷ್ಟು ಪ್ರೀತಿಯಿದೆ ಎಂಬುದು ನನಗೆ ತಿಳಿದದ್ದು ಆಗಲೇ.

ಅಷ್ಟರಲ್ಲಿ ನಂಜುಂಡಪ್ಪ, "ಎಣ್ಣೆ ಕೆಲ್ಸ ಮಾಡ್ತಾ ಗುರು?" ಎನ್ನುತ್ತ ಬಂದ.

"ಅಡ್ಡ ನಿಲ್ಬೇಡ, ಈ ಕಡೆ ಬಾರೋ!"

ಅವನು ಬಂದು ನನ್ನ ಬೆನ್ನ ಹಿಂದೆ ನಿಂತ. ನನಗೆ ತಾಳ್ಮೆ ಕೆಟ್ಟಿತು. ಎದ್ದುಹೋಗಿ ಕ್ಯಾಮೆರಾದ ಹಿಂದಿನಿಂದ ಕಿವಿಗೊಟ್ಟೆ. ಖಾಲಿ ಕುರ್ಚಿ ಕಂಡು ನಂಜುಂಡಪ್ಪ ಕೂತು, ಮೀಸೆ ನೀವಿಕೊಂಡ.

ಕ್ಲಿಕ್.

ಅಷ್ಟು ಒಳ್ಳೆಯ ಫೋಟೋ ನಾನು ಮತ್ತೆ ತೆಗೆದಿಲ್ಲ. ಮೇಕೆ ಕೂಡ ಕ್ಯಾಮೆರಾ ಕಡೆಗೇ ನೋಡುತ್ತಿತ್ತು. ಬೇಡವೆಂದರೂ ಕೇಳದೆ ಅತ್ತೆ ಆ ಫೋಟೋವನ್ನು ಊರಿಗೆ ಒಯ್ದರು. "ನಿಮ್ ಮಾವ ಎಂದಾದ್ರೂ ಇಷ್ಟು ಚೆನ್ನಾಗ್ ಬಂದಿದ್ರಾ? ಪಕ್ಕದೋನು ಯಾರು ಅಂತ ನಾನ್ ಹೇಳ್ಕೊತೀನಿ ಬಿಡಿ" ಎಂದರು. ಹೇಳಿದರೋ ಮರೆತರೋ, ನಾನು ಕೇಳಲು ಹೋಗಲಿಲ್ಲ.

ಮುಂದೆ ಅವರ ಕಡೆಯ ಒಂದು ಮದುವೆಗೆ ಅನುಗೊಂಡನಹಳ್ಳಿಗೆ ಹೋಗಿದ್ದೆವು. ಹೆಗಲಿಗೆ ಕ್ಯಾಮೆರಾ ಹಾಕಿಕೊಂಡೇ ಊಟಕ್ಕೆ ಕೂತೆ. ದೂರದ ನೆಂಟರೊಬ್ಬರು, ಹಿರಿಯರು, ಬಂದು ನನ್ನ ಭುಜ ಮುಟ್ಟಿದರು.

"ಫೋಟೋದೋರಾ? ನೀವು ಆಮೇಲ್ ಕೂತ್ಕೊಳ್ಳಿ ಸ್ವಾಮಿ. ಈ ಎಲೆ ನಮ್ ದೊಡ್ಡಬಳ್ಳಾಪುರದ ಅಳಿಯಂದ್ರಿಗೆ ಇಟ್ಟಿರೋದು. ಒಳ್ಳೆ ಮೀಸೆ ಬಿಟ್ಟವ್ರೆ, ಎಲ್ಲಾದ್ರೂ ಕಂಡ್ರಾ?"

ಎದುರು ಸಾಲಿನಲ್ಲಿ ಕೂತಿದ್ದ ನನ್ನಾಕೆ ಬಾಯಿಗೆ ಸೆರಗು ತುರುಕಿಕೊಂಡಳು. ಏನೇ ಆಗಲಿ, ಅವಳಿಗೆ ಗಂಡನಿದ್ದಾನೆ ಎಂಬುದರಲ್ಲಿ ಅಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾನು ಬಯಸಿದ್ದೂ ಅದನ್ನೇ. ಎಲೆ ಬಿಟ್ಟು ಎದ್ದೆ.