ಬೆನ್ನಿಗೆ ಹಿತ

ಇಷ್ಟೆಲ್ಲ ರಂಪಕ್ಕೆ ಕಾರಣ ಫೋನ್ ನಿಲ್ಲಿಸುವ ಒಂದು ಮೂರು ಕಾಲಿನ ಸ್ಟ್ಯಾಂಡು.

ಅದು ಮನೆಗೆ ಬರುವ ತನಕ ಹಾಸಿಗೆರಾಯನ ಸಂಸಾರ ತಕ್ಕಮಟ್ಟಿಗೆ ನಡೆದುಕೊಂಡು ಹೋಗುತ್ತಿತ್ತು. ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದರಿಂದ ಆ ಹೆಸರು. ಹೆತ್ತವರು ಇಟ್ಟ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಸಂಜೆಯಾದರೆ ಹೆಂಡತಿ ನಡುಮನೆಯಲ್ಲಿ ಕುಣಿಯುವಳು, ಇವನು ಅವಳ ಫೋನ್ ಹಿಡಿದು ನಿಲ್ಲುವನು. ಆ ಪುಟ್ಟ ವಿಡಿಯೋಗಳನ್ನು ಅವಳ ತಂಗಿ, ಎದುರುಮನೆಯಾಕೆ, ಇನ್ಯಾರೋ ನಾಲ್ಕು ಜನ ನೋಡಿ ಲೈಕ್ ಒತ್ತುವರು. ಅದರಲ್ಲಿ ಇವನದು ಅಂತ ಕಾಣಿಸುತ್ತಿದ್ದದ್ದು ಆಗಾಗ ಅಡ್ಡ ಬರುವ ಹೆಬ್ಬೆರಳು ಮಾತ್ರ.

ಸ್ಟ್ಯಾಂಡ್ ಬಂದ ಮೇಲೆ ಇವನ ಕೈ ಖಾಲಿಯಾಯಿತು. ಕೈ ಖಾಲಿ ಇರುವ ಗಂಡನನ್ನು ಯಾವ ಹೆಂಡತಿ ಸುಮ್ಮನೆ ಬಿಟ್ಟಾಳು?

"ರೀ, ಒಂದು ಜೋಡಿ ಚಾಲೆಂಜ್ ಶುರು ಮಾಡೋಣ. ನಾವು ಕುಣಿದು ಹಾಕೋದು, ಅದನ್ನ ನೋಡ್ಕೊಂಡು ಬೇರೆ ಗಂಡ-ಹೆಂಡ್ತೀರು ಕುಣೀಬೇಕು. ಇಬ್ಬರ ಕೈಕಾಲೂ ಒಟ್ಟಿಗೇ ಏಳ್ಬೇಕು, ಒಟ್ಟಿಗೇ ಇಳೀಬೇಕು. ಹೆಜ್ಜೆ ಎಲ್ಲಾ ನಾನೇ ಕಟ್ಟಿದೀನಿ."

"ನಾನಾ? ನಿನ್ನ ಪಕ್ಕದಲ್ಲಾ?"

"ಮತ್ತೆ? ಪಕ್ಕದ ಮನೆಯವರನ್ನ ಕರೀಲಾ?"

ಹಾಸಿಗೆರಾಯ ಗೊಣಗಿದ. ಒಳಗೊಳಗೇ ಹಿಗ್ಗಿಹೋಗಿದ್ದ, ಪಾಪ. ಮದುವೆಯಾದಾಗಿನಿಂದ "ಸ್ವಲ್ಪ ಆಚೆ ಸರೀರಿ, ಗುಡಿಸ್ಬೇಕು" ಅನ್ನುವುದನ್ನೇ ಕೇಳಿಕೊಂಡು ಬಂದವನು. ಪಕ್ಕಕ್ಕೆ ಬನ್ನಿ ಅಂತ ಅವಳು ಕರೆದದ್ದು ಇದೇ ಮೊದಲು.

ಅಂಗಡಿಗೆ ಹೊರಡುವ ಮುಂಚೆಯೇ ಶೂಟಿಂಗ್. ಎಡಕ್ಕೆ ಹೆಜ್ಜೆ, ಬಲಕ್ಕೆ ಹೆಜ್ಜೆ, ಭುಜ ಕುಣಿಸಿ, ಗಿರ್ರನೆ ತಿರುಗಿ, ಇಬ್ಬರೂ ಹಿಂದಕ್ಕೆ ಬಾಗಬೇಕು. ಭುಜದ ತನಕ ಹೇಗೋ ಬಂತು. ಹಿಂದಕ್ಕೆ ಬಾಗಿದ್ದೇ ತಡ, ವರ್ಷಗಟ್ಟಲೆ ಗಿರಾಕಿಗಳ ಮುಂದೆ ಹಾಸಿಗೆ ಮೇಲೆ ಬಿದ್ದು ತೋರಿಸಿದ ದೇಹ ತನ್ನ ಕಸುಬನ್ನು ನೆನಪು ಮಾಡಿಕೊಂಡಿತು. ಕೈ ಚಾಚಿ, ಕಾಲು ಜೋಡಿಸಿ, ಮುಗುಳ್ನಗುತ್ತ ದಬಕ್ಕನೆ ಅಂಗಾತ ಬಿದ್ದ. ಕೆಳಗೆ ಹಾಸಿಗೆ ಇರಲಿಲ್ಲ. ಆದರೂ ಬಾಯಿ ಅಭ್ಯಾಸ ಬಿಡಬೇಕಲ್ಲ! "ನೋಡಿ, ಬೆನ್ನಿಗೆ ಎಷ್ಟು ಹಿತ!" ಅಂದಿತು. ಇವನ ಕಾಲು ತಗುಲಿ ಸ್ಟ್ಯಾಂಡೂ ಬಿದ್ದು ಮುರಿಯಿತು.

ಹೆಂಡತಿ ನಗಲಿಲ್ಲ. ಬೆನ್ನಿಗಿಂತ ಅದೇ ಹೆಚ್ಚು ನೋವಾಯಿತು.

"ಸಂಜೆ ಒಳಗೆ ಕಲ್ತ್ಕೊಂಡು ಬನ್ನಿ. ಇಲ್ಲಾಂದ್ರೆ ಜಿಮ್ ಮಾಸ್ತರನ್ನ ಕರೀತೀನಿ."

ಜಿಮ್ ಮಾಸ್ತರ ಅಂದರೆ ಮೇಲಿನ ಮನೆಯಲ್ಲಿ ಬಾಡಿಗೆಗಿರುವವನು. ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಇವನ ಹೊಟ್ಟೆ ನೋಡಿ "ಯಾವಾಗ ಸೇರ್ತೀರಿ ಅಣ್ಣ?" ಅನ್ನುವ ಆಸಾಮಿ. ಅವನು ತನ್ನ ಹೆಂಡತಿಯ ಪಕ್ಕದಲ್ಲಿ! ಹಾಸಿಗೆರಾಯ ತಿಂಡಿ ತಟ್ಟೆಯನ್ನು ಅರ್ಧಕ್ಕೇ ತಳ್ಳಿ ಎದ್ದ.

ಅಂಗಡಿಗೆ ಹೋದವನೇ ಬಿಲ್ಲಿಂಗ್ ಅಕ್ಕನ ಹತ್ತಿರ ತೋಡಿಕೊಂಡ. ತೋಡಿಕೊಳ್ಳಬಾರದಿತ್ತು. ಆಕೆ ಬಿಲ್ ಬಿಟ್ಟು ಎದ್ದು ಬಂದಳು, ಡ್ರೈವರ್ ಗಾಡಿ ಬಿಟ್ಟು ಬಂದ. ಕೆಲಸ ತಪ್ಪಿಸಿಕೊಳ್ಳುವುದಕ್ಕೆ ನೆಪ ಸಿಕ್ಕರೆ ಜನಕ್ಕೆ ಎಂಥ ಪ್ರೀತಿ ಉಕ್ಕುತ್ತದೆ ನೋಡಿ!

"ನಿನ್ನ ಕಾಲು ಸರಿಯಾಗೇ ಇದೆ ಕಣಯ್ಯಾ. ಬೆನ್ನೇ ಕಳ್ಳ. ಸಂದು ಸಿಕ್ಕಿದ್ರೆ ಸಾಕು, ಮಲಗೋಕೆ ನೋಡುತ್ತೆ," ಎಂದ ಡ್ರೈವರ್. ನೆಲ ಒರೆಸುವ ಕೋಲು ತಂದು ಇವನ ಹಿಂದೆ ನಿಂತ. ಅಕ್ಕ ಚಪ್ಪಾಳೆ ತಟ್ಟಿ ಎಡ ಬಲ ಎಂದು ಕೂಗಿದಳು. ಒಂದು ಉದ್ದ ದಿಂಬನ್ನೇ ಹೆಂಡತಿ ಮಾಡಿಕೊಂಡು ಹಾಸಿಗೆರಾಯ ಕುಣಿದ. ಬೆನ್ನು ಹಿಂದಕ್ಕೆ ಬಿದ್ದಾಗೆಲ್ಲ ಡ್ರೈವರ್ ಕೋಲಿನಿಂದ ತಿವಿದ. ತಿವಿಸಿಕೊಂಡು ತಿವಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಬಲಗಾಲು ತಾನಾಗೇ ಹಿಂದಕ್ಕೆ ಹೋಗಿ ಮೈಯನ್ನು ತಡೆದು ನಿಲ್ಲಿಸತೊಡಗಿತು.

"ಬಂತು ನೋಡು!" ಅಕ್ಕ ಕಿರುಚಿದಳು.

ಅಷ್ಟರಲ್ಲಿ ಗಿರಾಕಿ ಗಂಡ-ಹೆಂಡಿರನ್ನು ಕರೆದುಕೊಂಡು ಮಾಲೀಕರೂ ಬಂದರು. "ಸ್ಪ್ರಿಂಗ್ ಹಾಸಿಗೆ ತೋರ್ಸಯ್ಯ ಇವರಿಗೆ."

ಹಾಸಿಗೆರಾಯ ಹಾಸಿಗೆಗೆ ಬೆನ್ನು ಮಾಡಿ, ನಕ್ಕು, ಹಿಂದಕ್ಕೆ ಬಿದ್ದ. ಬೀಳಲಿಲ್ಲ. ಬಲಗಾಲು ತಡೆಯಿತು. ಇನ್ನೊಮ್ಮೆ ಪ್ರಯತ್ನಿಸಿದ. ಮತ್ತೆ ತಡೆಯಿತು.

"ಬೀಳಯ್ಯಾ! ನಿನಗೆ ಸಂಬಳ ಕೊಡೋದೇ ಬೀಳೋದಕ್ಕೆ!"

"ಬೀಳ್ತಾನೇ ಇದೀನಿ ಸಾರ್, ಆಗ್ತಿಲ್ಲ..."

"ಅಂಗಡಿಯವರೇ ಮಲಗೋಕೆ ಹೆದರ್ತಾರೆ ಅಂದ್ರೆ ಈ ಹಾಸಿಗೇಲಿ ಏನೋ ಇದೆ ಕಣ್ರೀ," ಎಂದು ಗಿರಾಕಿ ಹೆಂಗಸು ಗಂಡನ ತೋಳು ಹಿಡಿದು ಹೊರಟೇಬಿಟ್ಟಳು.

ಮಾಲೀಕರು ಕೂಗಾಡಲಿಲ್ಲ. ನಾಳೆಯಿಂದ ಗೋಡೌನಿಗೆ ಹೋಗು, ಮೂಟೆ ಹೊರು, ಅಂದರು. ಬಿಲ್ಲಿಂಗ್ ಅಕ್ಕ ಆಗಲೇ ಬಿಲ್ಲಿನಲ್ಲಿ ಮುಖ ಹುದುಗಿಸಿದ್ದಳು; ಡ್ರೈವರ್ ಎಲ್ಲಿ ಮಾಯವಾದನೋ.

ಹೋದರೆ ಹೋಗಲಿ, ಹೆಜ್ಜೆ ಬಂತಲ್ಲ! ಹಾಸಿಗೆರಾಯ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕುಣಿಯುತ್ತ ಮನೆಗೆ ಬಂದ.

ಮನೆ ತುಂಬ ಜನ. ಎದುರುಮನೆಯಾಕೆ, ಹೆಂಡತಿಯ ತಂಗಿ, ಸೋಫಾದ ತುದಿಯಲ್ಲಿ ಜಿಮ್ ಮಾಸ್ತರ. ಇವನು ಯಾರನ್ನೂ ಮಾತಾಡಿಸದೆ ನೇರ ಹೋಗಿ ಹೆಂಡತಿಯ ಪಕ್ಕ ನಿಂತು ಹೆಜ್ಜೆ ಹಾಕಿದ. ಅವಳ ಕಾಲೂ ತಾನಾಗೇ ಎದ್ದಿತು. ಎಡ, ಬಲ, ಭುಜ, ತಿರುಗು, ಬಾಗು. ಒಂದಿಷ್ಟೂ ಆಚೀಚೆ ಇಲ್ಲ.

"ಅಯ್ಯೋ, ಎಷ್ಟು ಚೆನ್ನಾಗಿ ಬಂತು!" ಎಂದಳು ಹೆಂಡತಿ. ಒಂದು ಗಳಿಗೆ ಅವಳ ಮುಖ ಅರಳಿತು. ಆಮೇಲೆ, "ಆದ್ರೆ ಇದು ಇನ್ನು ಯಾರಿಗೆ ಬೇಕ್ರೀ?" ಅಂದಳು.

ಆದದ್ದು ಇಷ್ಟು. ಬೆಳಿಗ್ಗೆ ಇವನು ಬಿದ್ದ ವಿಡಿಯೋವನ್ನು, ನನ್ನ ಹಣೆಬರಹ ನೋಡೇ ಅಂತ ಅವಳು ತಂಗಿಗೆ ಕಳಿಸಿದ್ದಳು. ತಂಗಿ ಅದನ್ನೇ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟಿದ್ದಳು. ಈಗ ಊರೆಲ್ಲ ಅದೇ. ಹೆಂಡತಿ ಕುಣಿಯುತ್ತಾಳೆ, ಗಂಡ ದಬಕ್ಕನೆ ಬಿದ್ದು "ಬೆನ್ನಿಗೆ ಎಷ್ಟು ಹಿತ!" ಅನ್ನುತ್ತಾನೆ.

"ಎಲ್ಲಾರೂ ಇನ್ನೊಂದು ಹಾಕಿ ಅಂತಿದಾರೆ ಭಾವ. ಬೇಗ ಬೀಳಿ," ಎಂದಳು ತಂಗಿ.

ಹಾಸಿಗೆರಾಯ ಬಿದ್ದ. ಬಲಗಾಲು ತಡೆಯಿತು. ಎದುರುಮನೆಯಾಕೆ ಫೋನ್ ಹಿಡಿದೇ ಇದ್ದಳು. ಮತ್ತೆ ಬಿದ್ದ, ಮತ್ತೆ ತಡೆಯಿತು. ಕಣ್ಣು ಮುಚ್ಚಿಕೊಂಡು ಪಕ್ಕಕ್ಕೆ ಉರುಳಿದ. ಮುಖದಲ್ಲಿ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

"ಬೆಳಿಗ್ಗೆ ಅಷ್ಟು ಚೆನ್ನಾಗಿ ಬಿದ್ರಲ್ಲ!" ಹೆಂಡತಿ ಸಿಡುಕಿದಳು. "ಬೇಕಾದಾಗ ಒಂದೂ ಬರಲ್ಲ ನಿಮಗೆ."

"ಅಕ್ಕಾ, ನಾನು ಒಂದ್ಸಲ ನೋಡ್ಲಾ?" ಜಿಮ್ ಮಾಸ್ತರ ಎದ್ದ. ಕೈ ಚಾಚಿ, ಕಾಲು ಜೋಡಿಸಿ, ಮುಗುಳ್ನಕ್ಕು ಬಿದ್ದ. "ನೋಡಿ, ಬೆನ್ನಿಗೆ ಎಷ್ಟು ಹಿತ!" ಥೇಟ್ ಹಾಸಿಗೆರಾಯನದೇ ಧಾಟಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದೇ ನಗುವಿಗಾಗಿ ಇವನು ಬೆಳಿಗ್ಗೆಯಿಂದ ಕಾದಿದ್ದ.

"ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ!" ಎಂದು ಎದುರುಮನೆಯಾಕೆ ಫೋನನ್ನು ಹಾಸಿಗೆರಾಯನ ಕೈಗೆ ತುರುಕಿ ಓಡಿದಳು.

"ರೀ, ನೀವೇ ಹಿಡ್ಕೊಳಿ. ಸ್ಟ್ಯಾಂಡ್ ಮುರಿದೋರು ನೀವೇ ತಾನೇ?"

ಹಾಡು ಶುರುವಾಯಿತು. ಫೋನಿನ ಹಿಂದೆ ಇವನ ಕಾಲುಗಳು ತಾವಾಗೇ ಎದ್ದವು. ಎಡ, ಬಲ, ಭುಜ. ಹೆಂಡತಿಯ ಹೆಜ್ಜೆಗೆ ಸರಿಯಾಗಿ.

"ರೀ! ಯಾಕೆ ಅಲ್ಲಾಡಿಸ್ತೀರಿ? ಒಂದು ಕಡೆ ನೆಟ್ಟಗೆ ನಿಂತ್ಕೊಳ್ಳೋಕೂ ಬರಲ್ವಾ ನಿಮಗೆ?"

ನೆಟ್ಟಗೆ ನಿಂತುಕೊಂಡ. ವಿಡಿಯೋ ಬಹಳ ಚೆನ್ನಾಗಿ ಬಂತು. ಮೂಲೆಯಲ್ಲಿ ಒಂದು ಹೆಬ್ಬೆರಳು ಅಡ್ಡ ಬಂದಿತ್ತು. ತಂಗಿ ಅದನ್ನೂ ಕತ್ತರಿಸಿ ಹಾಕಿದಳು.