ಕೆಂಪು ಮಣಿ, ಹಸಿರು ಮಣಿ

ಹೆತ್ತ ತಾಯಿಯ ಮೇಲೆ ದೂರು ಹೇಳಬಾರದು, ನಿಜ. ಆದರೆ ನಮ್ಮವ್ವ ದಿನಾ ಸಂಜೆ ಒಂದೇ ಒಂದು ಮಣಿ ಸರಿಸದೇ ಇದ್ದಿದ್ದರೆ, ಇವತ್ತು ನನ್ನ ಹೆಂಡತಿ ಸರಸಮ್ಮ ಹಾಸನದಲ್ಲಿ ಟೀಚರ್ ಟ್ರೈನಿಂಗಿನ ಬೆಂಚಿನ ಮೇಲೆ ಕೂತಿರುತ್ತಿದ್ದಳು. ನಾನು ಹೀಗೆ ತೊಟ್ಟಿಲ ಹಗ್ಗ ಹಿಡಿದುಕೊಂಡು ನಿಮ್ಮ ಮುಂದೆ ಅಲವತ್ತುಕೊಳ್ಳುವ ಗತಿ ಬರುತ್ತಿರಲಿಲ್ಲ. (ಹೀಗೆಂದು ನಾನು ಬಹಳ ದಿನ ನಂಬಿದ್ದೆ. ಯಾರನ್ನಾದರೂ ಬಯ್ಯದೆ ಮನುಷ್ಯನಿಗೆ ಮುದ್ದೆ ಅರಗುವುದಿಲ್ಲ.)

ನಾನು ದೊಡ್ಡಬೀರಯ್ಯ, ಹೊಳೆನರಸೀಪುರದ ಮಿಡ್ಲ್ ಸ್ಕೂಲ್ ಮೇಷ್ಟ್ರು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ಸೈನ್ಸು ಹೇಳುವವನಾದೆನೆಂಬ ಗರ್ವ ನನಗೆ ಆಗ ನೆತ್ತಿಯ ತನಕ ಇತ್ತು. ಅದು ವಿಶಾಲ ಮೈಸೂರು ಆದ ವರ್ಷ. ರಾಜ್ಯ ವಿಶಾಲವಾದಂತೆ ನಮ್ಮ ಸಂಸಾರವೂ ವಿಶಾಲವಾಗಿ ಆಗಲೇ ಮೂರು ಮಕ್ಕಳು. ಸರಸಮ್ಮ ಲೋಯರ್ ಸೆಕೆಂಡರಿ ಪಾಸಾದವಳು. ಟೀಚರಾಗಬೇಕೆಂಬುದು ಅವಳ ಮದುವೆಗೆ ಮೊದಲಿನ ಆಸೆ. ಮೂರು ಹೆತ್ತ ಮೇಲೆ ಅರ್ಜಿ ಹಾಕಿ, ಬರುವ ಜೂನಿಗೆ ಹಾಸನದಲ್ಲಿ ಸೀಟು ಗಿಟ್ಟಿಸಿದ್ದಳು. ಬಸುರಿಯರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದ್ದರು. ವಯಸ್ಸಿನ ಮಿತಿ ಬೇರೆ ಅದೇ ವರ್ಷಕ್ಕೆ ಮುಗಿಯುತ್ತಿತ್ತು.

"ನಿಮ್ಮಿಂದ ಬೇರೇನೂ ಬೇಡ. ಜೂನ್ ತನಕ ನಾಲ್ಕನೇದು ಆಗದೇ ಇರಲಿ, ಅಷ್ಟೇ" ಅಂದಳು.

ನಾನು ಎದೆ ತಟ್ಟಿಕೊಂಡು ಅಭಯ ಕೊಟ್ಟೆ.

ದೈವಸಂಕಲ್ಪವೋ ಎಂಬಂತೆ, ಅವರೆಕಾಯಿ ಕಾಲದಲ್ಲಿ ಮೇಷ್ಟ್ರುಗಳಿಗೆಂದು ಹಾಸನದಲ್ಲಿ ಒಂದು ಆರೋಗ್ಯ ಶಿಬಿರ ನಡೆಯಿತು. ಪ್ರೇಮಕುಮಾರಿ ಎಂಬ ಡಾಕ್ಟರಮ್ಮ ಗೋಡೆಗೊಂದು ಬಣ್ಣದ ಚಿತ್ರ ತೂಗುಹಾಕಿ, ಹೆಂಗಸಿನ ಹೊಟ್ಟೆಯೊಳಗೆ ಏನೇನಿದೆ ಎಂದು ಕೋಲು ಹಿಡಿದು ತೋರಿಸತೊಡಗಿದರು. ಇಡೀ ಜಿಲ್ಲೆಯ ಮೇಷ್ಟ್ರ ಸಮೂಹ ತಲೆ ತಗ್ಗಿಸಿ ತಂತಮ್ಮ ಚಪ್ಪಲಿ ನೋಡಿಕೊಂಡಿತು. ನನ್ನ ಪಕ್ಕದಲ್ಲಿದ್ದ ಚನ್ನರಾಯಪಟ್ಟಣದ ಚನ್ನಬಸವಯ್ಯ ಮೇಷ್ಟ್ರಂತೂ ಕಣ್ಣು ಮುಚ್ಚಿಬಿಟ್ಟರು. (ಅವರಿಗೆ ಏಳು ಮಕ್ಕಳು.) ನಾನೊಬ್ಬನೇ ಧೈರ್ಯವಾಗಿ ನೋಡಿದೆ, ಬರೆದುಕೊಂಡೆ. ಕೊನೆಯಲ್ಲಿ ಡಾಕ್ಟರಮ್ಮ ಒಂದು ಮಣಿಸರ ಎತ್ತಿ ಹಿಡಿದರು. ಮುಟ್ಟಾದ ದಿನ ಮೊದಲ ಮಣಿ, ಆಮೇಲೆ ದಿನಕ್ಕೊಂದು ಮಣಿ ಸರಿಸುತ್ತ ಹೋಗಬೇಕು. ಹಸಿರು ಮಣಿ ಬಂದ ದಿನ ಗಂಡ ಹೆಂಡತಿಗೆ ನಿಶ್ಚಿಂತೆ. ಕೆಂಪು ಮಣಿ ಬಂದ, ಅಂದರೆ ಬಸಿರು ನಿಲ್ಲಬಹುದಾದ ದಿನಗಳಲ್ಲಿ ಗಂಡ ಪಡಸಾಲೆ, ಹೆಂಡತಿ ಒಳಮನೆ.

ನಾನು ಸರ ಕೇಳಲು ಹೋದಾಗ ಅವರು, "ನಿಮ್ಮ ಮನೆಯವರಿಗೆ ತಿಂಗಳು ತಿಂಗಳೂ ಸರಿಯಾಗಿ ಮುಟ್ಟು ಬರುತ್ತಾ? ಅಂಥವರಿಗೆ ಮಾತ್ರ ಇದು" ಅಂದರು.

ಇಂಥ ಪ್ರಶ್ನೆಯನ್ನು ಹೆಂಗಸೊಬ್ಬಳು ಬಾಯಿಬಿಟ್ಟು ಕೇಳಿದಾಗ ಗಂಡಸಾದವನು ಬೇಗ ಉತ್ತರ ಹೇಳಿ ಜಾಗ ಖಾಲಿ ಮಾಡಬೇಕು. "ಬರುತ್ತೆ ಮೇಡಂ, ಗಡಿಯಾರದ ಹಾಗೆ" ಅಂದೆ. (ನಮ್ಮ ಮನೆ ಗಡಿಯಾರ ಗೌರಿಹಬ್ಬದಿಂದ ನಿಂತುಹೋಗಿತ್ತು. ಅದು ಆಗ ನೆನಪಾಗಲಿಲ್ಲ.)

ಮನೆಗೆ ಬಂದವನೇ ಒಂದು ಕೈಲಿ ಸರ, ಇನ್ನೊಂದು ಕೈಲಿ ಸೀಮೆಸುಣ್ಣ ಹಿಡಿದು, ಹೊಗೆ ಹಿಡಿದ ಅಡಿಗೆಮನೆ ಗೋಡೆಯನ್ನೇ ಬೋರ್ಡು ಮಾಡಿಕೊಂಡೆ. ಸರಸಮ್ಮ ಅವರೆಕಾಳು ಹಿತುಕುತ್ತ ಕೂತಿದ್ದಳು.

"ನೋಡು, ಇದು ಗರ್ಭಕೋಶ. ಇವೆರಡು ನಾಳ. ಇವುಗಳ ತುದಿಗೆ ಆ ಕಡೆಗೊಂದು ಈ ಕಡೆಗೊಂದು ಬಾದಾಮಿಯಷ್ಟು ಅಂಡಾಶಯ. ಇವಕ್ಕೆ ಮೇಲಿನಿಂದ ಹುಕುಂ ಬರಬೇಕು. ಮೆದುಳಿನ ಬುಡದಲ್ಲಿ ಪಿಟ್ಯೂಟರಿ ಅಂತ ಒಂದು ಗ್ರಂಥಿ ಇದೆ, ನಿನ್ನ ಕೈಲಿರೋ ಕಾಳಿನಷ್ಟು. ಅದು ಹಾರ್ಮೋನು ಅನ್ನೋ ರಸಾನ ರಕ್ತಕ್ಕೆ ಬಿಡುತ್ತೆ. ರಸ ಬಂದು ಮುಟ್ಟಿದ ಮೇಲೆ ಅಂಡಾಶಯ ತಿಂಗಳಿಗೊಂದು ಅಂಡ ಬಿಡುತ್ತೆ. ತಾನೂ ಒಂದು ರಸ ಬಿಟ್ಟು ಗರ್ಭಕೋಶದ ಒಳಗೆ ಮೆತ್ತಗೆ ಹಾಸಿಗೆ ಹಾಸಿಸುತ್ತೆ. ನೆಂಟರು ಬರಲಿಲ್ಲ ಅನ್ನು, ಆ ಹಾಸಿಗೆ ಕಳಚಿ ಹೊರಗೆ ಬರುತ್ತೆ. ನೀನು ಜಗಲಿ ಮೇಲೆ ಕೂರೋದು ಆವಾಗ."

ಸರಸಮ್ಮ ಕೈಲಿದ್ದ ಕಾಳನ್ನು ತಿರುಗಿಸಿ ನೋಡಿದಳು. "ಈ ಕಾಳಿಗೆ ತಾರೀಖು ಗೊತ್ತಿರುತ್ತಾ?"

"ಗೊತ್ತಿಲ್ಲದೆ ಏನು? ಪ್ರಕೃತಿ ನಿಯಮ."

"ಅಲ್ಲ ರೀ, ಚಿಕ್ಕವಳು ಹುಟ್ಟಿದ ಮೇಲೆ ನನಗೆ..."

"ತಡಿ ಮಾರಾಯ್ತಿ. ಪಾಠದ ಮಧ್ಯೆ ಪ್ರಶ್ನೆ ಕೇಳಬಾರದು."

ಅವಳು ಮತ್ತೆ ಕಾಳು ಹಿತುಕತೊಡಗಿದಳು. ಆ ಅರ್ಧಕ್ಕೆ ನಿಂತ ಮಾತು ಈಗಲೂ ನನ್ನ ಕಿವಿಯಲ್ಲಿ ಅರ್ಧಕ್ಕೇ ನಿಂತಿದೆ. ಅವತ್ತು ಮಾತ್ರ ನನಗೆ ನನ್ನ ಚಿತ್ರ ಎಷ್ಟು ಚೆನ್ನಾಗಿ ಬಂದಿದೆ ಅನ್ನುವುದೇ ದೊಡ್ಡದಾಗಿತ್ತು.

ಅಷ್ಟರಲ್ಲಿ ನಮ್ಮವ್ವ ಬೀರಮ್ಮ ಒಳಗೆ ಬಂದಳು. ಗೋಡೆ ನೋಡಿ ನಿಂತಳು.

"ಇದ್ಯಾಕ್ಲಾ, ಒಲೆ ಗ್ವಾಡೆ ಮ್ಯಾಲೆ ಟಗರಿನ ತಲೆ ಬರ್ದಿದ್ದೀಯ?"

ತಿರುಗಿ ನೋಡಿದೆ. ಮುಖ, ಎರಡು ಕಡೆ ಬಾಗಿದ ಕೊಂಬು. ಡಾಕ್ಟರಮ್ಮನೇ ಬಂದು ನೋಡಿದ್ದರೂ ಟಗರೇ ಅನ್ನುತ್ತಿದ್ದರು. "ಊ ಕಣವ್ವ, ಟಗರು" ಅಂದೆ.

"ನಮ್ ದ್ಯಾವ್ರು ಬೀರಪ್ಪನ್ ಟಗರು! ಸಂದಾಗದೆ ಬುಡು" ಅಂತ ಅವ್ವ ಗರ್ಭಕೋಶದ ಹಣೆಗೆ ಕುಂಕುಮ ಇಟ್ಟು ಕೈ ಮುಗಿದಳು. "ಕೈಲಿರೋ ಸರ ಏನ್ಲಾ?"

ಒಂದು ಸುಳ್ಳಿಗೆ ಇನ್ನೊಂದು ಜೊತೆ ಬೇಕಲ್ಲ. "ದೇವ್ರ ಸರ ಕಣವ್ವ. ಶ್ರವಣಬೆಳಗೊಳದ ಅಂಗಡೀಲಿ ತಗಂಡೆ."

ಸರ ನನ್ನ ಕೈಯಿಂದ ಹಾರಿ ಅವ್ವನ ಕಣ್ಣಿಗೆ ಒತ್ತಿಸಿಕೊಂಡು, ಗಂಜಳ ಚಿಮುಕಿಸಿಕೊಂಡು, ದೇವರ ಗೂಡಿನ ಮೊಳೆಗೆ ಹೋಗಿ ನೇತುಬಿತ್ತು.

ಅವ್ವ ಆಚೆ ಹೋದ ಮೇಲೆ ಸರಸಮ್ಮ ಹಣೆ ಚಚ್ಚಿಕೊಂಡಳು. "ಈಗೇನು ಮಾಡೋದು? ಲೆಕ್ಕ ಶುರುವಾಗೋದೇ ನಾನು ಹೊರಗಾದ ದಿನ. ಹೊರಗಾದೋಳು ದೇವರ ಗೂಡಿನ ಹತ್ರ ಹೇಗೆ ಹೋಗಲಿ?"

"ನಾನಿಲ್ವಾ? ಬೆಳಿಗ್ಗೆ ಸ್ನಾನ ಮಾಡಿ ನಾನೇ ಸರಿಸ್ತೀನಿ."

"ಅದರ ಬದಲು ಅವ್ವನಿಗೆ ನಿಜ ಹೇಳಬಾರದಾ?"

"ಅವ್ವನಿಗಾ? ಇದನ್ನಾ?" ನನಗೆ ಬೆವರು ಬಂತು. ಗಂಡಸರ ಶಿಬಿರದಲ್ಲಿ ತಲೆ ಎತ್ತಿ ಕೂತಿದ್ದ ಧೀರ ನಾನು.

ಅಂತೂ ಕೆಲಸ ಶುರುವಾಯಿತು. ದೀಪಾವಳಿಗೂ ದೇವರಿಗೆ ಕೈ ಮುಗಿಯದ ಮಗ ದಿನಾ ಬೆಳಿಗ್ಗೆ ಒದ್ದೆ ಪಂಚೆಯಲ್ಲಿ ಗೂಡಿನ ಮುಂದೆ ನಿಂತು ಭಕ್ತಿಯಿಂದ ಒಂದು ಮಣಿ ಸರಿಸುವುದನ್ನು ಕಂಡು ಅವ್ವನಿಗೆ ಆನಂದಬಾಷ್ಪ ಬಂತು. ನನಗೂ ಆನಂದವೇ. ಯಾಕೆಂದರೆ ಪಡಸಾಲೆಯ ವನವಾಸ ನಾನು ಅಂದುಕೊಂಡಷ್ಟು ಉದ್ದ ಇರಲಿಲ್ಲ. ಕೆಂಪು ಮಣಿಗಳು ಬಂದ ಹಾಗೇ ಓಡಿಹೋಗುತ್ತಿದ್ದವು.

"ಇಷ್ಟು ಬೇಗ ಹಸಿರು ಬಂತಾ?" ಅಂತ ಸರಸಮ್ಮ ಅನುಮಾನಪಟ್ಟಳು.

"ಸರ ಸುಳ್ಳು ಹೇಳುತ್ತಾ? ಇದು ಸೈನ್ಸು!" ಅಂದು ನಾನು ದಿಂಬು ಎತ್ತಿಕೊಂಡು ಒಳಮನೆಗೆ ನಡೆದೆ.

ಯುಗಾದಿಯ ದಿನ ಒಬ್ಬಟ್ಟಿನ ವಾಸನೆಗೆ ಸರಸಮ್ಮ ಹಿತ್ತಲಿಗೆ ಓಡಿದಳು. ಬೇವು ಬೆಲ್ಲದಲ್ಲಿ ಆ ವರ್ಷ ಬೆಲ್ಲವೆಲ್ಲ ಅವ್ವನ ಪಾಲಿಗೆ, ಬೇವೆಲ್ಲ ನಮ್ಮ ಪಾಲಿಗೆ.

"ಸರದ ಮಹಿಮೆ ನೋಡ್ಲಾ!" ಅವ್ವ ಕುಣಿಯುವುದೊಂದು ಬಾಕಿ. "ಬೆಳಿಗ್ಗೆ ನೀನೊಂದ್ ಮಣಿ ಸರಿಸ್ತಿದ್ಯಲ್ಲ, ಸಂಜೆ ದೀಪ ಅಚ್ಚಿ ನಾನೂ ಒಂದ್ ಸರಿಸ್ತಿದ್ದೆ ಕಣ್ಲಾ. ಒಬ್ರು ಕೇಳಾದ್ಕಿಂತ ಇಬ್ರು ಕೇಳಿದ್ರೆ ದ್ಯಾವ್ರು ಬ್ಯಾಗ ಕೊಡ್ತಾನೆ ಅಂತ."

ಸರ ಎರಡು ಪಟ್ಟು ವೇಗದಲ್ಲಿ ಓಡುತ್ತಿತ್ತು. ಅಂಡ ಹೊರಡುವ ಹೊತ್ತಿಗೆ ನಮ್ಮ ಗೂಡಿನಲ್ಲಿ ಹಚ್ಚ ಹಸಿರು.

ಅವ್ವನಿಗೆ ಏನೆಂದು ಬಯ್ಯಲಿ? ಹಲ್ಲು ಕಚ್ಚಿಕೊಂಡು ಸರಸಮ್ಮನನ್ನು ಬಸ್ಸು ಹತ್ತಿಸಿ ಹಾಸನಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮನ ಮುಂದೆ ನಿಂತು ಗೂಡು, ಮೊಳೆ, ಅವ್ವ, ಸಂಜೆಯ ದೀಪ ಎಲ್ಲವನ್ನೂ ವಿಸ್ತಾರವಾಗಿ ವರ್ಣಿಸಿ, ವಿಜ್ಞಾನಕ್ಕೆ ಮೂಢನಂಬಿಕೆಯಿಂದಾದ ಅಪಚಾರವನ್ನು ಖಂಡಿಸಿದೆ. ಅವರು ನನ್ನ ಭಾಷಣ ಮುಗಿಯುವ ತನಕ ಕಾದು ಸರಸಮ್ಮನ ಕಡೆ ತಿರುಗಿದರು. "ನಿಮಗೆ ತಿಂಗಳು ತಿಂಗಳೂ ಸರಿಯಾಗಿ ಬರುತ್ತಿತ್ತೇನಮ್ಮ?"

"ಇಲ್ಲ ಡಾಕ್ಟ್ರೇ. ಚಿಕ್ಕವಳು ಹುಟ್ಟಿದ ಮೇಲೆ ಒಂದ್ಸಲ ತಿಂಗಳಿಗೆ, ಒಂದ್ಸಲ ಒಂದೂವರೆ ತಿಂಗಳಿಗೆ. ಗೊತ್ತೇ ಆಗ್ತಿರಲಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಾಗಾದರೆ ಅತ್ತೆ ಮುಟ್ಟದೇ ಇದ್ದರೂ ಈ ಸರವನ್ನು ನಂಬುವ ಹಾಗಿರಲಿಲ್ಲ. ಗಡಿಯಾರದ ಹಾಗೆ ಅಂತ ನನಗೆ ಹೇಳಿದವರು ಯಾರು?"

ಸರಸಮ್ಮ ನನ್ನ ಮುಖ ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ವಾಪಸು ಬರುವಾಗ ಬಸ್ಸಿನಿಂದ ಹೊಳೆ ಕಂಡಿತು. ಅವಳು ಕಿಟಕಿಯ ಕಡೆ ನೋಡಿಕೊಂಡೇ, "ಕೇಳಿದ್ದಿದ್ರೆ ಹೇಳ್ತಿದ್ನಲ್ಲ" ಅಂದಳು. ಜಗಳ ಆಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವಳು ಜಗಳ ಆಡಲಿಲ್ಲ. ಪಿಟ್ಯೂಟರಿಯಿಂದ ಹಿಡಿದು ಗರ್ಭಕೋಶದ ತನಕ ದಾರಿ ಬಲ್ಲವನು, ಪಕ್ಕದಲ್ಲಿ ಮಲಗುವವಳನ್ನು ಒಂದು ಮಾತು ಕೇಳಿರಲಿಲ್ಲ.

ಜೂನ್ ಬಂತು. ಸೀಟು ಇನ್ನೊಬ್ಬರಿಗೆ ಹೋಯಿತು. ಟ್ರೈನಿಂಗಿಗೆಂದು ಸರಸಮ್ಮ ಗಂಜಿ ಹಾಕಿ ಮಡಿಸಿಟ್ಟಿದ್ದ ಬಿಳಿ ಸೀರೆ ಕೊನೆಗೆ ತೊಟ್ಟಿಲಿಗೆ ಆಯಿತು. ಮಗು ಮುದ್ದಾಗಿದೆ, ಅದರದೇನೂ ತಪ್ಪಿಲ್ಲ. ಆದರೆ ತೊಟ್ಟಿಲು ತೂಗುವಾಗೆಲ್ಲ ಆ ಸೀರೆಯ ಅಂಚು ಕಣ್ಣಿಗೆ ಬೀಳುತ್ತದೆ.

ನನ್ನ ಶಿಕ್ಷೆ ಅಷ್ಟಕ್ಕೇ ಮುಗಿಯಲಿಲ್ಲ. ಸರದ ಮಹಿಮೆಯನ್ನು ಅವ್ವ ಸಂತೆಯಲ್ಲಿ ಸಾರಿದಳು. ಈಗ ಹಳೇಕೋಟೆ, ಅರಕಲಗೂಡು, ಎಲ್ಲಿಂದಲೋ ಮಕ್ಕಳಾಗದವರು ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಊರಲ್ಲಿ ನನ್ನ ಹೆಸರೇ 'ಸರದ ಮೇಷ್ಟ್ರು'. ಇದು ಮಗು ಆಗದೇ ಇರಲು ಕೊಟ್ಟ ಸರ ಎಂದು ಬಿಡಿಸಿ ಹೇಳಿದರೆ, ತೊಟ್ಟಿಲ ಕಡೆ ನೋಡಿ ನಗುತ್ತಾರೆ.

ಮೊನ್ನೆ ಹಳ್ಳಿಮೈಸೂರಿನಿಂದ ಚಿಕ್ಕಯ್ಯ ಎಂಬಾತ ಒಬ್ಬನೇ ಬಂದ. ಜಗಲಿಯ ಮೇಲೆ ಕೂತು, "ಮದ್ವೆಯಾಗಿ ಆರ್ ವರ್ಸ ಆಯ್ತು ಸಾ. ನಮ್ಮವಳ್ದೇ ತೊಂದ್ರೆ. ಸರ ಕೊಟ್ರೆ ತಗಂಡೋಯ್ತೀನಿ" ಅಂದ.

ಪೆಟ್ಟು ತಿಂದು ಬಂದ ಜ್ಞಾನ ನೋಡಿ, ನನಗೆ ಸ್ವಲ್ಪ ಹಿರಿತನ ಬಂತು. ಮಗುವನ್ನು ಹೆಗಲಿಗೆ ಹಾಕಿಕೊಂಡು, "ಅಲ್ಲಪ್ಪ, ತೊಂದರೆ ಗಂಡಸಿನಲ್ಲೂ ಇರಬಹುದು. ಇಬ್ಬರೂ ಹೋಗಿ ಡಾಕ್ಟರಿಗೆ ತೋರಿಸಿ. ಅದಿರಲಿ, ನಿನ್ನ ಹೆಂಡತಿ ಏನಂತಾಳೆ? ಅವಳನ್ನ ಕೇಳಿದ್ಯಾ?" ಅಂದೆ.

ಅವನು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದ. "ಅವಳ್ನೇನ್ ಸಾ ಕೇಳಾದು? ನಂಗೊತ್ತಿಲ್ವಾ?"

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಎಷ್ಟೋ ತಿಂಗಳ ಮೇಲೆ ಸರಸಮ್ಮ ಗಟ್ಟಿಯಾಗಿ ನಕ್ಕಿದ್ದು ಕೇಳಿಸಿತು. ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ಚಿಕ್ಕಯ್ಯನಿಗೆ ಅಂದಳು:

"ಸರಿಯಾದ ಮನೆಗೇ ಬಂದಿದ್ದೀಯಪ್ಪ. ಒಳಗೆ ಬಾ, ಮಜ್ಜಿಗೆ ಕುಡಿ. ಇವರಿಗೂ ಹಾಗೇ ಎಲ್ಲಾ ಗೊತ್ತಿತ್ತು."