ಜೈಲು ಚೀಟಿಯ ಓಟು

ಪಾಲಣ್ಣನಿಗೆ ಓಟಿನ ಹುಚ್ಚು ಹಿಡಿಸಿದ್ದೇ ಜೈಲು. ಪಕ್ಕದ ಹೊಲದ ರಂಗಯ್ಯನ ಕೈ ಮುರಿದು ಎಂಟು ತಿಂಗಳು ಒಳಗಿದ್ದಾಗ, ದಿನಾ ರಾಜಕೀಯ ಮಾತಾಡಿ ಬ್ಯಾರಕ್ಕಿನಲ್ಲೇ ಮೂರು ಸರ್ಕಾರ ಬೀಳಿಸಿದ್ದ. ಒಳಗಿದ್ದವರಿಗೆ ಓಟಿಲ್ಲ, ಶಿಕ್ಷೆ ಮುಗಿಸಿ ಹೊರಬಂದವರಿಗೆ ಉಂಟು ಎಂದು ಅಲ್ಲೇ ಒಳಗಿದ್ದ ವಕೀಲರೊಬ್ಬರು ಹೇಳಿಕೊಟ್ಟಿದ್ದರು.

ಓಟಿನ ದಿನ ಇಸ್ತ್ರಿ ಶರ್ಟು ತೊಟ್ಟು ಹೊರಟವನನ್ನು ಹೆಂಡತಿ ಓಬಕ್ಕ ಬಾಗಿಲಲ್ಲೇ ತಡೆದಳು.

"ನಾಡಿದ್ದು ಸಿರಾದಿಂದ ಗಂಡಿನ ಕಡೆಯೋರು ನಮ್ ಮಂಜುಳನ್ನ ನೋಡಕ್ಕೆ ಬತ್ತಾವ್ರೆ. ಇವತ್ತೇ ಬರ್ಬೇಕಿತ್ತು, ಹುಡುಗನ ಅಪ್ಪಂಗೆ ಎಲ್ಲೋ ಡ್ಯೂಟಿ ಬಿದ್ದೈತಂತೆ. ನೀನು ತಿರುಮಣಿ ಸೋಲಾರ್ ಪಾರ್ಕಲ್ಲಿ ವಾಚ್‌ಮನ್ನು, ಎಂಟು ತಿಂಗ್ಳು ರಜಾನೇ ಕೊಡ್ಲಿಲ್ಲ ಅಂತ ಅವ್ರಿಗೆ ಅಂದಿವ್ನಿ. ಜೈಲು ಗೀಲು ಅಂತ ಎಲ್ಲೂ ಬಾಯಿ ಬುಡಬ್ಯಾಡ."

"ಈ ಪಾಲಣ್ಣ ಇವತ್ತು ಬಾಯಲ್ಲಿ ಮಾತಾಡಲ್ಲ ಕಣಮ್ಮಿ, ಬೆರಳಲ್ಲಿ ಮಾತಾಡ್ತಾನೆ."

ಆದರೂ ಇರಲಿ ಎಂದು ಬಿಡುಗಡೆ ಚೀಟಿಯನ್ನು ಜೇಬಿಗಿಟ್ಟುಕೊಂಡ.

ಬಡವನಹಳ್ಳಿ ಸ್ಕೂಲಿನ ಬೂತಿನೊಳಗೆ ಕಾಲಿಟ್ಟರೆ, ಪಕ್ಷದ ಏಜೆಂಟಾಗಿ ಕೂತಿದ್ದವನು ಅದೇ ರಂಗಯ್ಯ. ಅವನ ಕೈ ಗಾಳಿಗೆ ಮಡಚಿದ ಕೊಡೆಯ ಕಡ್ಡಿಯ ಹಾಗೆ ಇನ್ನೂ ಸೊಟ್ಟಗಿತ್ತು.

"ಸಾರ್, ಇವ್ನಿಗೆ ಓಟಿಲ್ಲ."

"ಯಾಕಿಲ್ಲ?" ಕನ್ನಡಕದ ಆಫೀಸರು ಕೇಳಿದರು.

"ಅವನ್ನೇ ಕೇಳಿ. ಎಂಟು ತಿಂಗ್ಳು ಎಲ್ಲಿದ್ದ ಅಂತ ಹೇಳ್ಲಿ."

ಪಾಲಣ್ಣನ ಕೈ ಜೇಬಿನ ಚೀಟಿಯ ಮೇಲೆ ಹೋಯಿತು. ಹಿಂದಿನಿಂದ ಯಾರೋ, "ಬುಡ್ಲಾ ಪಾಲ, ಒಂದು ಓಟ್ಗೆ ಯಾಕೆ ಮಾನ ಕಳ್ಕಂತೀಯ" ಎಂದರು. ಸಾಲು ಕಿಸಕ್ಕೆಂದಿತು.

ಆ ನಗು ಕೇಳಿದ್ದೇ ಓಬಕ್ಕನ ಮಾತು ಮರೆತುಹೋಯಿತು. ಚೀಟಿ ತೆಗೆದು ಮೇಜಿನ ಮೇಲೆ ಬಡಿದ.

"ಹೌದು ಸಾರ್, ಇವ್ನ ಕೈ ಮುರ್ದಿದ್ದು ನಾನೇ. ಕೋರ್ಟು ಎಂಟು ತಿಂಗ್ಳು ಅಂತು, ಎಂಟೂ ತಿಂಗ್ಳು ಜೈಲಲ್ಲಿದ್ದೆ. ಒಂದಿನಾನೂ ಬಾಕಿ ಇಟ್ಟಿಲ್ಲ. ಈಗ ನನ್ ಓಟು ನಂಗೆ ಕೊಡಿ."

ಆಫೀಸರು ಚೀಟಿಯನ್ನು ಮೇಲಿಂದ ಕೆಳಕ್ಕೆ ಓದಿದರು. ಹೆಸರನ್ನು ಎರಡು ಸಲ ಓದಿದರು.

"ಶಿಕ್ಷೆ ಮುಗ್ಸಿ ಬಂದೋರಿಗೆ ಓಟಿದೆ. ಹಾಕ್ಲಿ."

ರಂಗಯ್ಯ ಆರಿದ ಬೋಂಡದಂತಾದ. ಮೆಷಿನ್ನು ಕುಂಯ್ ಎಂದಿತು. ಪಾಲಣ್ಣ ಎದೆಯುಬ್ಬಿಸಿ ಬಂದು ಕೈಮುಗಿದ.

"ದೇವ್ರಂಗೆ ಬಂದ್ರಿ ಸಾರ್. ಯಾವೂರು ತಮ್ದು?"

"ಸಿರಾ. ಮೇಷ್ಟ್ರು, ನರಸಿಂಹರಾಜು ಅಂತ." ಅವರು ಚೀಟಿಯನ್ನು ಇದ್ದ ಮಡಿಕೆಯಲ್ಲೇ ಮಡಚಿ ಕೊಟ್ಟರು. "ನಾಡಿದ್ದು ನಿಮ್ಮನೆಗೇ ಬರೋರಿದ್ವಿ. ಒಂದು ಮಾತು ಕೇಳ್ಲಾ ಪಾಲಣ್ಣೋರೇ, ಸೋಲಾರ್ ಪಾರ್ಕಲ್ಲಿ ರಜಾ ಯಾವಾಗ ಕೊಟ್ರು?"

ಪಾಲಣ್ಣ ಶಾಯಿ ಹಚ್ಚಿದ ಬೆರಳನ್ನು ನೋಡಿದ. ಅದೂ ಮಾತಾಡಲಿಲ್ಲ.